ಕಟ್ಟೆಗೆ ಐದು ತೂತು

ಎಲ್ಲ ರಗಳೆಗೂ ಕಾರಣ ಒಂದು ಪದ್ಯ. ಡಿಸೆಂಬರ್ ಐದರ ಸಂಜೆ, ಸಿಂಟರ್‌ಕ್ಲಾಸ್ ಹಬ್ಬಕ್ಕೆ, ಡೊಕ್ಕುಮ್ ಊರಿನ ಕಾಲುವೆ ಬದಿಯ ಸಾಲುಮನೆಯವರೆಲ್ಲ ಒಂದು ಕಡೆ ಸೇರಿ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಾರೆ. ಉಡುಗೊರೆಯ ಜೊತೆಗೆ ಒಂದು ಕೀಟಲೆ ಪದ್ಯ ಇರಲೇಬೇಕು. ಬರೆದವರ ಹೆಸರು ಇರುವುದಿಲ್ಲ. ಪಡೆದವನು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಹೊಟ್ಟೆ ಎಷ್ಟೇ ಉರಿದರೂ ನಗಬೇಕು. ವೀಬೆಗೆ ಆ ವರ್ಷ ಸಿಕ್ಕಿದ್ದು ಒಂದು ಜೊತೆ ಉಣ್ಣೆಯ ಕಾಲುಚೀಲ. ಪದ್ಯ ಹೇಳಿದ್ದು ಇಷ್ಟು: ನೆರೆಯವರು ಉಸಿರಾಡು ಅಂದರೆ ವೀಬೆ ಮೂಗು ಹಿಡಿದುಕೊಳ್ಳುತ್ತಾನೆ, ಕಾಲುಚೀಲ ಕಾಲಿಗೆ ಅಂದರೆ ಕೈಗೆ ಹಾಕಿಕೊಳ್ಳುತ್ತಾನೆ.

ಪದ್ಯದಲ್ಲಿ ಸುಳ್ಳೇನೂ ಇರಲಿಲ್ಲ. ಸಾಲಿನವರೆಲ್ಲ ಬಾಗಿಲಿಗೆ ಹಸಿರು ಬಳಿದಾಗ ವೀಬೆ ನೀಲಿ ಬಳಿದಿದ್ದ. ಎಲ್ಲರೂ ಬೇಲಿಗೆ ಗಿಡ ನೆಟ್ಟಾಗ ಇವನು ಹಲಗೆ ಹೊಡೆದಿದ್ದ. ಊರಿನ ಎತ್ತುಸೇತುವೆ ಕಾಯುವ ಕೆಲಸ ಮಾಡಿ ನಿವೃತ್ತನಾದವನು. ಒಂದು ಕಡೆ ದೋಣಿಯವರು, ಇನ್ನೊಂದು ಕಡೆ ಕಾರಿನವರು ಹಾರನ್ ಹೊಡೆಯುತ್ತಿದ್ದರೂ ತನಗೆ ತೋಚಿದಾಗಲೇ ಸೇತುವೆ ಎತ್ತಿ ಇಳಿಸಿ ಅಭ್ಯಾಸ. ಮನೆ ಬೆಚ್ಚಗಿಡಲು ಸಾಲಿಗೆಲ್ಲ ಬಿಸಿನೀರಿನ ಕೊಳವೆ ಬಂದು, ಎಲ್ಲರೂ ಇಂಡಕ್ಷನ್ ಒಲೆ ಕೂರಿಸಿಕೊಂಡ ಮೇಲೂ ಇವನೊಬ್ಬನ ಮನೆಯಲ್ಲಿ ಗ್ಯಾಸ್ ಉರಿಯುತ್ತಿತ್ತು. ಬೀದಿಯ ಅಡಿಯಲ್ಲಿದ್ದ ಅಷ್ಟುದ್ದದ ಗ್ಯಾಸ್ ಪೈಪು ಈಗ ಇದ್ದದ್ದು ವೀಬೆಯ ಒಲೆಗಾಗಿ ಮಾತ್ರ. ಅದೊಂದು ಹೋದರೆ ಪೈಪು ಕಿತ್ತು, ಬೀದಿಗೆ ಹೊಸ ಇಟ್ಟಿಗೆ ಹಾಸಿ, ಎರಡು ಬದಿಗೂ ಮರ ನೆಡುತ್ತೇವೆ ಎಂದು ಪುರಸಭೆಯವರು ಹೇಳಿದ್ದರು. ಸಾಲಿನವರು ಆ ಮರಗಳ ನೆರಳನ್ನು ಕನಸಿನಲ್ಲಿ ಕಾಣುತ್ತಿದ್ದರು.

ಪದ್ಯ ಓದಿ ಎಲ್ಲರ ಜೊತೆ ನಕ್ಕ ವೀಬೆ ಮನೆಗೆ ಬಂದು ಮಲಗಿದ. ನಿದ್ದೆ ಬರಲಿಲ್ಲ. ತಾನು ಅಷ್ಟೊಂದು ಅಡ್ಡಾದಿಡ್ಡಿ ಮನುಷ್ಯನೇ? ಸತ್ತ ಮೇಲೆ ಜನ ನೆನೆಯುವುದು ಆ ಕಾಲುಚೀಲವನ್ನೇ? ಅವನಿಗೆ ನಿಜವಾಗಿ ನೋವಾಗಿತ್ತು. ನಾಳೆಯಿಂದ ಯಾರು ಏನು ಹೇಳಿದರೂ ಹೂಂ ಅನ್ನುವುದೆಂದು ತೀರ್ಮಾನ ಮಾಡಿದ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅವಳು ನಗುತ್ತಾಳೆಂಬುದು ಗೊತ್ತಿತ್ತು.

ಹೂಂ ಅನ್ನಲು ಮೊದಲ ಅವಕಾಶ ಬೆಳಗಾಗುತ್ತಲೇ ಬಂತು. ಮನೆಯ ಅಡುಗೆಕೋಣೆ ಹೊಸದಾಗುತ್ತಿತ್ತು. ಕಪಾಟು ಬಂದಾಗಿತ್ತು, ಕಟ್ಟೆಗೆ ಗ್ರಾನೈಟ್ ಚಪ್ಪಡಿ ಆರಿಸಿಯೂ ಆಗಿತ್ತು. ಉಳಿದಿದ್ದು ಒಲೆ. ಹೆಂಡತಿ ರೀಮ್ಕೆ ಕೋಟು ಹಾಕಿಕೊಳ್ಳುತ್ತ, "ನಾನು ಅಕ್ಕನ ಮನೆಗೆ ಹೋಗಿ ಸಂಜೆ ಬರ್ತೀನಿ. ನಾಲ್ಕು ಗಂಟೆಗೆ ಕಲ್ಲು ಕೊರೀತಾರಂತೆ, ಅಷ್ಟರೊಳಗೆ ಅಂಗಡಿಗೆ ಹೋಗಿ ಯಾವ ಒಲೆ ಅಂತ ಹೇಳ್ಬಿಡು. ಅಡುಗೆ ಮಾಡೋನು ನೀನು, ನೀನೇ ಆರಿಸು. ನಾನು ಬಾಯಿ ಹಾಕಲ್ಲ" ಎಂದಳು.

ಇಷ್ಟು ವರ್ಷಗಳ ಸಂಸಾರದಲ್ಲಿ ರೀಮ್ಕೆ ಬಾಯಿ ಹಾಕದ ವಿಷಯ ಇದೇ ಮೊದಲನೆಯದು. ವೀಬೆಗೆ ಅದು ಹೊಳೆಯಲಿಲ್ಲ. ಅವನು ಬೇರೆಯೇ ಖುಷಿಯಲ್ಲಿದ್ದ.

ಆ ಖುಷಿ ಏನೆಂದರೆ, ವೀಬೆಗೆ ಎರಡು ವರ್ಷದಿಂದ ಒಳಗೊಳಗೇ ಇಂಡಕ್ಷನ್ ಒಲೆಯ ಆಸೆ. ಪ್ರತಿ ಶನಿವಾರ ಬರ್ನರುಗಳನ್ನೂ ಅವುಗಳ ಮೇಲಿನ ಕಬ್ಬಿಣದ ಸ್ಟ್ಯಾಂಡುಗಳನ್ನೂ ತಂತಿ ಬ್ರಷ್ಷಿನಿಂದ ತಿಕ್ಕುತ್ತಿದ್ದವನು ಅವನೇ. ಆ ಬೀದಿಯಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಪಕ್ಕದ ಮನೆಯ ಡೌವೆ ಒಂದು ಒದ್ದೆ ಬಟ್ಟೆಯನ್ನು ಒಲೆಯ ಗಾಜಿನ ಮೇಲೆ ಒಮ್ಮೆ ಎಳೆದು ಪೇಪರ್ ಓದಲು ಕೂರುವುದನ್ನು ವೀಬೆ ಬೀದಿಯಲ್ಲಿ ನಿಂತು ನೋಡಿದ್ದ. ಆದರೆ ಸಾಲಿನವರೆಲ್ಲ ಹೇಳಿದ್ದನ್ನು ತಾನೂ ಮಾಡುವುದು ಹೇಗೆ? ಈಗ ದಾರಿ ತಾನಾಗಿ ತೆರೆದಿತ್ತು. ನೆರೆಯವರನ್ನು ಕೇಳುವುದು, ಅವರು ಇಂಡಕ್ಷನ್ ಅನ್ನುವುದು, ತಾನು ಹೂಂ ಅನ್ನುವುದು. ಒಳ್ಳೆಯವನೂ ಆದಂತಾಯಿತು, ಬ್ರಷ್ಷಿನ ಕಾಟವೂ ತಪ್ಪಿತು. ಅವರ ಒಲೆಯ ಮೇಲೆ ಇಟ್ಟು ನೋಡಲೆಂದು ತನ್ನ ಎನಾಮೆಲ್ ಬಾಣಲೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಸಿಳ್ಳೆ ಹಾಕುತ್ತ ಹೊರಟ.

ಡೌವೆ ನಿವೃತ್ತ ಮೇಷ್ಟರು. ಅವರ ಕಿಟಕಿಯ ಮೇಲೆ "ಈ ಮನೆ ಗ್ಯಾಸ್ ಮುಕ್ತ" ಎಂದು ಅಂಗೈಯಗಲದ ಸ್ಟಿಕರ್ ಇತ್ತು. ವೀಬೆ ವಿಷಯ ಎತ್ತಿದ ಕೂಡಲೇ ಮೇಷ್ಟರು ಆ ಸ್ಟಿಕರಿಗೆ ಬೆನ್ನು ತಿರುಗಿಸಿ ನಿಂತರು.

"ನನ್ನ ಕೇಳಿದ್ರೆ ಗ್ಯಾಸೇ ಸರಿ ಕಣಯ್ಯ," ಎಂದರು.

ವೀಬೆಯ ಸಿಳ್ಳೆ ನಿಂತಿತು. "ನೀವೇ ಇಂಡಕ್ಷನ್ ಹಾಕಿಸ್ಕೊಂಡಿದೀರಲ್ಲ ಮೇಷ್ಟ್ರೇ."

"ಅನುಭವಿಸ್ತಾ ಇದೀನಲ್ಲ, ಅದಕ್ಕೇ ಹೇಳ್ತಿರೋದು. ಗುಂಯ್ ಅಂತ ಸದ್ದು ಮಾಡತ್ತೆ. ನಾಯಿಗೆ ತಲೆನೋವು ಬರತ್ತೆ."

ನಾಯಿ ಒಲೆಯ ಬುಡದಲ್ಲೇ ಗೊರಕೆ ಹೊಡೆಯುತ್ತಿತ್ತು. ಎಷ್ಟು ತೊಂದರೆ ನೋಡು ಎಂದು ತೋರಿಸಲು ಮೇಷ್ಟರು ವೀಬೆಯ ಬಾಣಲೆಗೆ ಹಾಲು ಸುರಿದು ಒಲೆಯ ಮೇಲಿಟ್ಟರು. ಮಾತು ಮುಂದುವರಿಸುವುದರೊಳಗೆ ಹಾಲು ಉಕ್ಕಿ ಗಾಜಿನ ಮೇಲೆಲ್ಲ ಹರಿದು ವೀಬೆಯ ಬೂಟಿನೊಳಗೆ ಇಳಿಯಿತು. ಮೇಷ್ಟರು ಬಟ್ಟೆ ತೆಗೆದು ಒಂದೇ ಸಲ ಒರೆಸಿದರು. ಒಲೆ ಕನ್ನಡಿಯ ಹಾಗೆ ಹೊಳೆಯಿತು. "ನೋಡಿದ್ಯಾ, ಎಷ್ಟು ರೇಜಿಗೆ," ಎಂದರು, ಅವನ ಮುಖ ನೋಡದೆ. ವೀಬೆ ಒದ್ದೆ ಕಾಲುಚೀಲದಲ್ಲಿ ನಿಂತು ಆ ಗಾಜನ್ನೇ ನೋಡುತ್ತಿದ್ದ. ಕೊನೆಗೆ ತನ್ನ ತೀರ್ಮಾನ ನೆನಪಾಗಿ, ಕಷ್ಟಪಟ್ಟು, "ಹೂಂ" ಎಂದ. ಹೊಸ ಅಭ್ಯಾಸವಾದ್ದರಿಂದ ಅದು ಕೆಮ್ಮಿದ ಹಾಗೆ ಕೇಳಿಸಿತು. ಮೇಷ್ಟರು ಅದನ್ನು ಕೆಮ್ಮೆಂದೇ ತಿಳಿದರು.

ಮೇಷ್ಟರಿಗೇನೋ ವಯಸ್ಸಾಯಿತು, ದಿಯೂಕೆಯಮ್ಮ ಹಾಗಲ್ಲ ಎಂದುಕೊಂಡು ವೀಬೆ ಮೂಲೆಮನೆಗೆ ಹೋದ. ದಿಯೂಕೆಯಮ್ಮನಿಗೆ ಮೇಷ್ಟರಿಗಿಂತಲೂ ವಯಸ್ಸಾಗಿತ್ತು, ಆದರೆ ನಾಲಿಗೆಗೆ ಆಗಿರಲಿಲ್ಲ. ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬ ತೆರೆದಳು. ಆ ಬೀದಿಯ ರಿವಾಜು ಎಲ್ಲರಿಗೂ ಗೊತ್ತು: ಒಬ್ಬರಿಗೆ ಒಂದು ಬಿಸ್ಕತ್ತು, ಆಮೇಲೆ ಡಬ್ಬದ ಮುಚ್ಚಳ ಟಕ್ ಅನ್ನಬೇಕು. ಆ ದಿನ ಮುಚ್ಚಳ ಟಕ್ ಅನ್ನಲಿಲ್ಲ. ಡಬ್ಬ ಬಾಯ್ತೆರೆದುಕೊಂಡೇ ಕೂತಿತ್ತು.

"ಇನ್ನೊಂದು ತಗೊಳಪ್ಪ," ಎಂದಳು ದಿಯೂಕೆಯಮ್ಮ.

ವೀಬೆಗೆ ಗಾಬರಿಯಾಯಿತು. ಊರಲ್ಲಿ ಯಾರಾದರೂ ಹೋಗಿಬಿಟ್ಟರೇ ಎಂದು ಕೇಳಿದ. ಯಾರೂ ಹೋಗಿಲ್ಲ, ನಿನ್ನ ಮೇಲೆ ಅಕ್ಕರೆ ಅಷ್ಟೆ ಎಂದು ಹೇಳಿ ಅವಳು ಒಲೆಯ ಮಾತಿಗೆ ಬಂದಳು. ಇಂಡಕ್ಷನ್ ಕಟ್ಟಿಕೊಂಡರೆ ಮನೆಯ ಪಾತ್ರೆಯೆಲ್ಲ ಬೀದಿಗೆ ಎಸೆಯಬೇಕಾಗುತ್ತದೆ, ಮ್ಯಾಗ್ನೆಟ್ ಅಂಟದ ಪಾತ್ರೆ ಅದರ ಮೇಲೆ ಬಿಸಿಯೇ ಆಗುವುದಿಲ್ಲ ಎಂದಳು. ಫ್ರಿಜ್ಜಿನ ಮೇಲಿದ್ದ ಗಾಳಿಗಿರಣಿಯ ಆಕಾರದ ಮ್ಯಾಗ್ನೆಟ್ ತಂದು ವೀಬೆಯ ಬಾಣಲೆಗೆ ಹಿಡಿದಳು. ಅದು ಪಟ್ಟನೆ ಕಚ್ಚಿಕೊಂಡಿತು. ಇಬ್ಬರೂ ಸೇರಿ ಎಳೆದಾಗ ಗಿರಣಿಯ ರೆಕ್ಕೆಯೊಂದು ಮುರಿದು ಬಂತು, ಮ್ಯಾಗ್ನೆಟ್ ಬರಲಿಲ್ಲ.

ದಿಯೂಕೆಯಮ್ಮ ಒಂದು ಗಳಿಗೆ ಯೋಚಿಸಿದಳು. "ಈಗಿನ ಮ್ಯಾಗ್ನೆಟ್‌ಗಳನ್ನ ನಂಬೋಕಾಗಲ್ಲ," ಎಂದಳು. "ನೀನು ಗ್ಯಾಸೇ ಹಾಕಿಸ್ಕೊ ಮಗಾ. ಇಷ್ಟು ವರ್ಷ ಒಗ್ಗಿದ್ದು, ಈಗ ಯಾಕೆ ಬಿಡ್ತೀಯ."

ವೀಬೆ ಎರಡನೆಯ ಬಿಸ್ಕತ್ತನ್ನು ಕಚ್ಚದೆ ಕೆಳಗಿಟ್ಟ. ಅವನಿಗೆ ಈಗ ವಿಷಯ ಅರ್ಥವಾಗುತ್ತಿದೆ ಅನ್ನಿಸಿತು. ಈ ಜನ ತನಗಾಗಿ ಮರದ ಆಸೆ ಬಿಟ್ಟಿದ್ದಾರೆ. ನಿನ್ನೆಯ ಪದ್ಯಕ್ಕೆ ಅವರಿಗೇ ಬೇಜಾರಾಗಿರಬೇಕು. ಬಡಪಾಯಿ ಒಗ್ಗಿದ ಒಲೆಯಲ್ಲೇ ಬೇಯಿಸಿಕೊಳ್ಳಲಿ ಎಂದು ಸ್ಟಿಕರ್ ಅಂಟಿಸಿಕೊಂಡ ಮೇಷ್ಟರೂ ಸುಳ್ಳು ಹೇಳುತ್ತಿದ್ದಾರೆ. ಇಂಥವರ ಬಾಗಿಲಿನ ಬಣ್ಣಕ್ಕೆ ತಾನು ಅಡ್ಡ ಹೋಗಿದ್ದೆನಲ್ಲ ಎಂದು ನೆನೆದು ಕಣ್ಣು ಒದ್ದೆಯಾಯಿತು. ಬಾಣಲೆ ಎತ್ತಿಕೊಂಡು, ಅದಕ್ಕೆ ಅಂಟಿದ್ದ ಗಿರಣಿಯ ಸಮೇತ ಹೊರಬಿದ್ದ.

ಇನ್ನೂ ಒಂದು ಆಸೆ ಉಳಿದಿತ್ತು: ಲೋಲ್ಕೆ. ಸಾಲಿನಲ್ಲಿ ಗ್ಯಾಸ್ ತೊಲಗಿಸುವ ಸಮಿತಿಯ ಕಾರ್ಯದರ್ಶಿಯೇ ಅವನು. ಮಾಡಿನ ತುಂಬ ಸೋಲಾರ್ ಹಲಗೆ ಹಾಸಿ, ಹಂಚು ಯಾವ ಬಣ್ಣವೆಂದು ಮರೆತಿದ್ದ. ಅವನು ಗ್ಯಾಸ್ ಅನ್ನಲು ಸಾಧ್ಯವೇ ಇಲ್ಲ.

ಲೋಲ್ಕೆ ಇವನಿಗಾಗಿಯೇ ಕಾದಿದ್ದವನಂತೆ ಅಂಗಳದಲ್ಲಿ ನಿಂತಿದ್ದ. ಬೇಸಿಗೆಯ ಪ್ರವಾಸಕ್ಕೆ ಒಯ್ಯುವ ಕ್ಯಾರವಾನಿನಿಂದ ಗ್ಯಾಸ್ ಒಲೆ ಇಳಿಸಿ ಗೋಡೆಯ ಬದಿ ಇಟ್ಟಿದ್ದ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. "ಜ್ವಾಲೆ ಕಣ್ಣಿಗೆ ಕಂಡ್ರೇನೇ ಅಡುಗೆ ಕಣೋ. ಬಾ, ತೋರಿಸ್ತೀನಿ," ಎಂದು ಗ್ಯಾಸ್ ತಿರುಗಿಸಿ ಕಡ್ಡಿ ಗೀರಿದ. ಗಾಳಿಗೆ ಆರಿತು. ಮತ್ತೆ ಗೀರಿದ, ಆರಿತು. ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ವೀಬೆ ಸಹಾಯಕ್ಕೆಂದು ಬಗ್ಗಿ ಬಾಣಲೆ ಅಡ್ಡ ಹಿಡಿದಾಗ ಕಡ್ಡಿ ಹೊತ್ತಿಕೊಂಡಿತು. ಭುಸ್ ಎಂದು ಎದ್ದ ಜ್ವಾಲೆ ವೀಬೆಯ ಎಡಹುಬ್ಬನ್ನೂ ಲೋಲ್ಕೆಯ ಮಫ್ಲರಿನ ಕುಚ್ಚನ್ನೂ ಸವರಿಕೊಂಡು ಹೋಯಿತು. ಲೋಲ್ಕೆ ಮಫ್ಲರ್ ಕಿತ್ತು ಕಾಲುವೆಗೆ ಎಸೆದ.

ಸುಟ್ಟ ಕೂದಲ ವಾಸನೆಯಲ್ಲಿ ಇಬ್ಬರೂ ಕೆಮ್ಮುತ್ತ ನಿಂತರು. ಇನ್ನಾದರೂ ನಿಜ ಹೇಳುತ್ತಾನೆಂದು ವೀಬೆ ಕಾದ.

"ನೋಡ್ದಾ," ಎಂದ ಲೋಲ್ಕೆ ಕಣ್ಣೀರು ಒರೆಸಿಕೊಳ್ಳುತ್ತ, "ಈ ಜೀವಂತಿಕೆ ಇಂಡಕ್ಷನ್‌ನಲ್ಲಿ ಎಲ್ಲಿ ಬರತ್ತೆ?"

ವೀಬೆಯ ಆಸೆ ಅಲ್ಲಿಗೆ ಸತ್ತಿತು. ಮಫ್ಲರ್ ಸುಟ್ಟರೂ ತನ್ನ ಹಿತ ಬಿಡದ ಗೆಳೆಯ! ಇವನಿಗೆ ಇಲ್ಲ ಅನ್ನುವುದು ಹೇಗೆ? ಎರಡು ವರ್ಷದ ಗಾಜಿನ ಕನಸನ್ನು ಗಂಟು ಕಟ್ಟಿ ಎದೆಯೊಳಗಿಟ್ಟು, ಸೈಕಲ್ ಹತ್ತಿ ಅಂಗಡಿಗೆ ಹೋದ.

ಅಂಗಡಿಯ ಹುಡುಗಿ ಅವನ ಒಂದೇ ಹುಬ್ಬನ್ನು ನೋಡಿಯೂ ನೋಡದವಳಂತೆ ಮಾತಾಡಿಸಿದಳು. ಗ್ರಾನೈಟಿಗೆ ಒಪ್ಪುವ ಗ್ಯಾಸ್ ಒಲೆ ಒಂದೇ ಇತ್ತು: ಒಲೆಯೆಂಬ ಪೆಟ್ಟಿಗೆಯೇ ಇಲ್ಲ, ಕಲ್ಲಿನಲ್ಲಿ ಐದು ದುಂಡು ತೂತು ಕೊರೆದು ಐದು ಬರ್ನರುಗಳನ್ನು ನೇರ ಕಟ್ಟೆಯಲ್ಲೇ ಕೂರಿಸುತ್ತಾರೆ. ಇತ್ತೀಚೆಗೆ ಇದನ್ನು ಕೇಳುವವರೇ ಇಲ್ಲ, ನಿಮ್ಮ ಬೀದಿಯಲ್ಲಂತೂ ಎಲ್ಲರೂ ಇಂಡಕ್ಷನ್ ಅಲ್ಲವೇ, ಕೊರೆದ ಮೇಲೆ ಮನಸ್ಸು ಬದಲಾಯಿಸಿದರೆ ಕಲ್ಲಿಗೆ ತೇಪೆ ಹಾಕಲು ಬರುವುದಿಲ್ಲ ಎಂದು ಅವಳು ಎಚ್ಚರಿಸಿದಳು. ವೀಬೆಯ ಕಣ್ಣು ಪಕ್ಕದಲ್ಲಿ ಮಿನುಗುತ್ತಿದ್ದ ಇಂಡಕ್ಷನ್ ಗಾಜಿನ ಮೇಲೆಯೇ ಇತ್ತು. ಬೆರಳಿಂದ ಒಮ್ಮೆ ಅದನ್ನು ಸವರಿದ. ಆಮೇಲೆ ತಿರುಗಿ, "ಐದು ತೂತೂ ಇರ್ಲಿ," ಎಂದ.

ಮನೆಗೆ ಬರುವ ದಾರಿಯಲ್ಲಿ ಆಶ್ಚರ್ಯವೆಂಬಂತೆ ಮನಸ್ಸು ಹಗುರವಾಯಿತು. ಒಪ್ಪಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಹೇಳಿರಲಿಲ್ಲ. ಸೇತುವೆಯ ಮೇಲೆ ಗುರುತಿಲ್ಲದವರಿಗೂ ಕೈಬೀಸಿದ.

ಮನೆಯ ಬಾಗಿಲು ತೆರೆದರೆ ಒಳಗೆ ಜಾತ್ರೆ. ರೀಮ್ಕೆ ಬಂದಾಗಿತ್ತು. ಮೇಷ್ಟರು, ದಿಯೂಕೆಯಮ್ಮ, ಕೊರಳು ಖಾಲಿಯಾದ ಲೋಲ್ಕೆ ಎಲ್ಲರೂ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಕೂತಿದ್ದರು. ನಡುವೆ ಕೆನೆ ತುಂಬಿದ ಕೇಕು. ಮೇಜಿನ ಮೇಲೆ ರೀಮ್ಕೆ ಅಕ್ಕನ ಊರಿನಿಂದ ತಂದಿದ್ದ ಹೊಸ ಪಾತ್ರೆಗಳ ದೊಡ್ಡ ಡಬ್ಬ. ಎಲ್ಲರ ಮುಖದಲ್ಲೂ ತಡೆದಿಟ್ಟ ನಗು.

"ಏನು ಆರಿಸಿದೆ?" ಎಂದಳು ರೀಮ್ಕೆ.

ವೀಬೆ ಕೋಟು ಬಿಚ್ಚುವುದನ್ನೂ ಮರೆತು ನಡುವೆ ನಿಂತ. "ನೀವೆಲ್ಲ ಏನು ಹೇಳಿದ್ರೋ ಅದೇ," ಎಂದ. "ಗ್ಯಾಸ್."

ಯಾರದೋ ಫೋರ್ಕ್ ತಟ್ಟೆಗೆ ಬಿತ್ತು. ಮೇಷ್ಟರು ಎದ್ದವರು ಮತ್ತೆ ಕೂತರು.

"ಗ್ಯಾಸಾ?" ಎಂದ ಲೋಲ್ಕೆ. "ಮೂವತ್ತು ವರ್ಷದಿಂದ ನಮ್ಮ ಒಂದು ಮಾತು ಕೇಳಿಲ್ಲ ನೀನು. ಇವತ್ತೇ ಕೇಳ್ಬೇಕಾಗಿತ್ತಾ?"

ಆಮೇಲೆ ಎಲ್ಲ ಒಂದೊಂದಾಗಿ ಹೊರಬಂತು. ಉಪಾಯ ರೀಮ್ಕೆಯದು. ಅವಳಿಗೂ ಇಂಡಕ್ಷನ್ ಬೇಕಾಗಿತ್ತು. ಬೇಕು ಅಂದರೆ ಈ ಮನುಷ್ಯ ಬೇಡ ಅನ್ನುತ್ತಾನೆ, ಆದ್ದರಿಂದ ನೀವೆಲ್ಲ ಗ್ಯಾಸನ್ನೇ ಬಾಯ್ತುಂಬ ಹೊಗಳಬೇಕು, ಆಗ ಇವನು ಹಟಕ್ಕೆ ಬಿದ್ದು ಇಂಡಕ್ಷನ್ನಿಗೇ ಹೋಗುತ್ತಾನೆ ಎಂದು ಅವಳು ನಿನ್ನೆ ಹಬ್ಬದ ಮನೆಯಲ್ಲೇ ವೀಬೆಯ ಬೆನ್ನ ಹಿಂದೆ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದಳು. ಮೇಷ್ಟರು ರಾತ್ರಿಯೆಲ್ಲ ಸುಳ್ಳು ಅಭ್ಯಾಸ ಮಾಡಿದ್ದರು. ಕೇಕು ವೀಬೆಯ ಹಟದಿಂದ ಬರಲಿದ್ದ ಇಂಡಕ್ಷನ್ನಿನ ಸಂಭ್ರಮಕ್ಕೆ ತಂದದ್ದು. ಮೇಜಿನ ಮೇಲಿದ್ದವು ಇಂಡಕ್ಷನ್ ಪಾತ್ರೆಗಳು.

"ಈಗ್ಲೇ ಫೋನ್ ಮಾಡು," ಎಂದರು ಮೇಷ್ಟರು. "ಬೇಡ ಅನ್ನು. ಅದೊಂದು ನಿನಗೆ ಚೆನ್ನಾಗಿ ಬರತ್ತೆ."

ವೀಬೆ ಫೋನ್ ಮಾಡಿ ತನ್ನ ಜೀವಮಾನದ ಅತ್ಯಂತ ಗಟ್ಟಿಯಾದ ಬೇಡವನ್ನು ಹೇಳಿದ. ಆ ಕಡೆಯ ಹುಡುಗಿ ನಯವಾಗಿ ಉತ್ತರ ಕೊಟ್ಟಳು. ಅವನು ಫೋನ್ ಇಟ್ಟು ಬಂದ.

"ಕೊರೆದಾಯ್ತಂತೆ. ಐದೂ ತುಂಬ ಚೆನ್ನಾಗಿ ಬಂದಿದೆಯಂತೆ."

ರೀಮ್ಕೆ ಗಂಡನ ಇಲ್ಲದ ಹುಬ್ಬನ್ನು ನೋಡುತ್ತ ಮೆಲ್ಲಗೆ ಕೇಳಿದಳು: "ನಿಜ ಹೇಳು. ನಿನಗೆ ಯಾವುದು ಬೇಕಾಗಿತ್ತು?"

"ಇಂಡಕ್ಷನ್ನು. ಎರಡು ವರ್ಷದಿಂದ."

"ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಯಾವುದು ಒಳ್ಳೇದು ಅಂತ ಎಲ್ರೂ ಹೇಳಿದ್ರಿ," ಎಂದ ವೀಬೆ. "ನಿನಗೇನು ಬೇಕು ಅಂತ ಯಾರೂ ಕೇಳ್ಲಿಲ್ಲ."

ದಿಯೂಕೆಯಮ್ಮ ಮನೆಗೆ ಹೋಗಿ, ಬೆಳಗಿನಿಂದ ತೆರೆದೇ ಇದ್ದ ಬಿಸ್ಕತ್ತಿನ ಡಬ್ಬವನ್ನು ಟಕ್ ಎಂದು ಮುಚ್ಚಿದಳು.

ಬೀದಿಗೆ ಮರ ಬರಲಿಲ್ಲ. ಮುಂದಿನ ವರ್ಷದ ಹಬ್ಬಕ್ಕೆ ವೀಬೆಗೆ ಸಿಕ್ಕ ಉಡುಗೊರೆ ಗಟ್ಟಿ ಹಿಡಿಕೆಯ ಹೊಸ ತಂತಿ ಬ್ರಷ್. ಜೊತೆಗಿದ್ದ ಪದ್ಯವನ್ನು ಅವನು ಎಲ್ಲರೆದುರು ಗಟ್ಟಿಯಾಗಿ ಓದಿದ. ಸ್ವಂತ ಬುದ್ಧಿಯಿಲ್ಲದೆ ಯಾರು ಏನು ಹೇಳಿದರೂ ಹೂಂ ಅನ್ನುವ ಒಬ್ಬ ಮುದುಕನ ಬಗ್ಗೆ ಇತ್ತು ಅದು. ಓದಿ ಮುಗಿಸಿ ಎಲ್ಲರ ಜೊತೆ ನಕ್ಕ.