ಹೊಳಲ್ಕೆರೆ ಅವ್ವನ ಪಂಜರ

ನಗುವಂಥ ಸಂಗತಿಗಳು ನನ್ನ ವರ್ಕ್‌ಶಾಪಿನ ದಾರಿ ಕೇಳಿಕೊಂಡೇ ಬರುತ್ತವೆ. ಬರುವಾಗ ಅಳುವವರನ್ನೂ ಜೊತೆಗೆ ಕರೆದುಕೊಂಡು ಬರುತ್ತವೆ, ಅದೊಂದೇ ತಕರಾರು.

ಹಿರಿಯೂರಿನ ಹೈವೇ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು ವೆಲ್ಡಿಂಗ್ ಮಾಡುವ ಈ ಮಾವನನ್ನು ಅರಿಯದವರು ಜಿಲ್ಲೆಯಲ್ಲಿ ಯಾರೂ ಇಲ್ಲ. ಇದ್ದರೆ ಅವರು ಪಕ್ಕದ ಜಿಲ್ಲೆಯವರಿರಬೇಕು. ದುರ್ಗದ ಕೋಟೆ ಕಟ್ಟುವ ಕಾಲಕ್ಕೆ ನಾನಿದ್ದಿದ್ದರೆ ಆ ಕಿಂಡಿಗೆ ಒಂದು ತಗಡು ಬೆಸೆದು ಬಿಡುತ್ತಿದ್ದೆ. ಒನಕೆ ಅಡುಗೆಮನೆಯಲ್ಲೇ ಉಳಿಯುತ್ತಿತ್ತು. ಮಾರಿಕಣಿವೆ ಡ್ಯಾಮು ಇಷ್ಟು ಕಾಲ ಗಟ್ಟಿಯಾಗಿ ನಿಂತಿರುವುದು ಹತ್ತಿರದಲ್ಲೇ ನಾನಿದ್ದೇನೆ ಎಂಬ ಧೈರ್ಯಕ್ಕೇ ಎಂದು ನನ್ನ ಅನುಮಾನ. ನನ್ನ ಭಾವಮೈದ ಮಾತ್ರ ಇದನ್ನು ಒಪ್ಪುವುದಿಲ್ಲ. ಅವನು ನನ್ನ ಜೊತೆಗೇ ಕೆಲಸ ಮಾಡುತ್ತಾನೆ, ಅದಕ್ಕೇ ಒಪ್ಪುವುದಿಲ್ಲ.

ಗೇಟು, ಕಿಟಕಿ, ಟ್ರೇಲರು ಮಾಡಿ ಸಾಕಾಗಿ ಈಗೀಗ ಹಳ್ಳ ಗುಡ್ಡ ಹತ್ತಿಳಿಯುವ ಗಾಡಿಗಳಿಗೆ ಪೈಪಿನ ಚಾಸಿ ಕಟ್ಟುತ್ತೇನೆ. ಡ್ರೈವರು ಕೂರುವ ಜಾಗದ ಸುತ್ತ, ತಲೆಯ ಮೇಲೆ, ಎಲ್ಲ ಪೈಪೇ. ನೋಡಿದರೆ ದೊಡ್ಡ ಪಂಜರ. ಗಾಡಿ ಮಗುಚಿದಾಗ ನೆಲಕ್ಕೆ ಪೈಪು ತಾಗಬೇಕು, ತಲೆ ತಾಗಬಾರದು. ಈ ವಿದ್ಯೆಯಲ್ಲಿ ಇರುವುದು ಅಷ್ಟೇ. ಅಂಥದೊಂದು ಪಂಜರ ಕಟ್ಟುವಾಗ ನಡೆದದ್ದು ಇದು.

೧. ಹಗುರ ಪೈಪು

ಹೊಳಲ್ಕೆರೆಯಲ್ಲಿ ಜೆಸಿಬಿ ಇಟ್ಟುಕೊಂಡಿರುವ ಒಬ್ಬ ಗಿರಾಕಿ. ವಾರವೆಲ್ಲ ಕೆರೆ ಹೂಳೆತ್ತುವುದು, ಭಾನುವಾರ ಜೀಪು ಹತ್ತಿ ಹಳ್ಳ ಹಾರುವುದು. ಅವನ ಅಣ್ಣನಿಗೂ ಇದೇ ಹುಚ್ಚಿತ್ತು. ಅಣ್ಣನ ಜೀಪಿಗೆ ಮೇಲೆ ಬರೀ ಬಟ್ಟೆಯ ಟಾಪು. ಒಂದು ಭಾನುವಾರ ಜೀಪು ಮಗುಚಿತು. ಜೀಪನ್ನು ಎತ್ತಿದರು, ಅಣ್ಣ ಏಳಲಿಲ್ಲ. ಅಣ್ಣನ ವರ್ಷದ ತಿಥಿ ಮುಗಿದ ಮಾರನೇ ವಾರ ಮುಂದಿನ ಸ್ಪರ್ಧೆಗೆ ಪಂಜರ ಕಟ್ಟಿಸಬೇಕೆಂದು ತಮ್ಮ ನನ್ನ ಶೆಡ್ಡಿಗೆ ಬಂದ. ಹಿಂದೆಯೇ ಅವರ ಅವ್ವ ಬಂದರು.

ಅವ್ವ ಮಾತಿಗೆ ಸುತ್ತು ಹಾಕುವವರಲ್ಲ. ಇವನಿಂದ ಈ ಚಟ ಬಿಡಿಸಲು ಮಠಕ್ಕೆ ಕರೆದುಕೊಂಡು ಹೋದರಂತೆ, ಬಿಡಲಿಲ್ಲ. ಮದುವೆ ಮಾಡುತ್ತೇನೆ ಅಂದರಂತೆ, ಆಗಲೂ ಬಿಡಲಿಲ್ಲ. ಉಳಿದಿರುವುದು ನೀನೊಬ್ಬ ಅಂದರು. ಗುರುಗಳು, ಮದುವೆ, ಆಮೇಲೆ ನಾನು. ಈ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ಬೇರೆ ಯಾವ ವೆಲ್ಡರಿಗಿದೆ ಹೇಳಿ.

ಆ ಉಬ್ಬಿನಲ್ಲೇ ನಾನು ಕ್ರೋಮೋಲಿ ಪೈಪು ತಂದು ತೋರಿಸಿದೆ. ಅವ್ವ ಅದನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಏನಪ್ಪ, ಇದು ಬಾಗ್ಲ ಪರದೆ ಕಂಬಿನಾ?"

ಉಕ್ಕಿಗೆ ಬೇರೆ ಎರಡು ಲೋಹ ಬೆರೆಸಿರುತ್ತಾರೆ, ಅದಕ್ಕೇ ತೆಳ್ಳಗಿದ್ದರೂ ಗಟ್ಟಿ, ಇದರ ಮುಂದೆ ಮಾಮೂಲಿ ಪೈಪು ಪಪ್ಪಾಯಿ ಎಲೆಯ ದೇಟು ಎಂದೆಲ್ಲ ವಿವರಿಸಿದೆ. ಅವ್ವ ಪೂರ್ತಿ ಕೇಳಿ, ತಮ್ಮ ಹೊಲದಲ್ಲಿ ನೀರು ಬೀಳದ ಬೋರಿನ ಕೇಸಿಂಗ್ ಪೈಪು ಹಾಗೇ ಇದೆ, ಟ್ರ್ಯಾಕ್ಟರಿನಲ್ಲಿ ಹೇರಿಸುತ್ತೇನೆ, ಅದನ್ನೇ ಹಾಕು ಅಂದರು.

"ಅವ್ವಾ, ಆ ಪೈಪು ಹಾಕಿದ್ರೆ ಗಾಡಿ ನಿಂತ ಜಾಗದಿಂದ ಏಳಾದೇ ಇಲ್ಲ."

"ನನಗೆ ಬೇಕಾಗಿರಾದೂ ಅದೇ ಕಣಪ್ಪ."

೨. ಹಾರ

ಕೆಲಸ ಶುರುವಾಯಿತು. ವಾರಕ್ಕೊಂದೆರಡು ಸಲ ಅವ್ವ ದುರ್ಗದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಬಂದವರೇ ಸೊಂಟದ ಬೀಗದಕೈ ಗೊಂಚಲು ತೆಗೆದು, ಸಂತೆಯಲ್ಲಿ ಗಡಿಗೆ ಬಡಿದು ನೋಡುವ ಹಾಗೆ, ಒಂದೊಂದು ಬೆಸುಗೆಯನ್ನೂ ಟಣ್ ಟಣ್ ಎಂದು ಬಡಿಯುತ್ತಿದ್ದರು. ಏನವ್ವಾ ಗೊತ್ತಾಗುತ್ತೆ ಅಂದರೆ, ಏನೂ ಗೊತ್ತಾಗಲ್ಲ, ನನ್ನ ಮಗ ಇದರ ಕೆಳಗೆ ಕೂರುತ್ತಾನೆ, ಸದ್ದಾದರೂ ಪರಿಚಯ ಇರಲಿ ಅನ್ನುತ್ತಿದ್ದರು.

ಒಂದು ಸೋಮವಾರ ಅವ್ವ ಇರಲಿಲ್ಲ, ಮಗ ಬಂದಿದ್ದ. ಮಾಡಿನ ಪೈಪು ತಲೆಯಿಂದ ಎಷ್ಟು ಎತ್ತರಕ್ಕಿರಬೇಕೆಂದು ಗುರುತು ಹಾಕುವ ದಿನ. ಪಂಜರದೊಳಗೆ ಸೀಟು ಇಟ್ಟು, ಅವನನ್ನು ಕೂರಿಸಿ, ಎದೆಗೆ ಸೊಂಟಕ್ಕೆ ಬೆಲ್ಟು ಬಿಗಿದೆ. ಗುಡಿಗೆ ಹೋಗಿ ಬಂದಿದ್ದ, ಹಣೆ ತುಂಬ ವಿಭೂತಿ. ಹೊರಗೆ ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನು ನಿಲ್ಲಿಸಿರುವುದು ಸುಮ್ಮನೆ ಅಲ್ಲವಲ್ಲ. ಈ ಬೆಸುಗೆಗೆ ಸುತ್ತ ಒಂದು ಗ್ಯಾಸು ಬಿಡುತ್ತಲೇ ಇರಬೇಕು. ಗಾಳಿಗೆ ಅದು ಹಾರಿಹೋದರೆ ಬೆಸುಗೆ ತೂತು ಬೀಳುತ್ತದೆ. ಅದಕ್ಕೆ ಶಟರ್ ಅರ್ಧ ಇಳಿಸಿದ್ದೆ, ಫ್ಯಾನು ಆರಿಸಿದ್ದೆ. ಆ ಸೆಕೆಗೆ ಗಿರಾಕಿ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋದ.

ಗುರುತು ಹಾಕಿ ನಾನೂ ಭಾವಮೈದನೂ ಹೊರಗೆ ಮೆಟ್ಟಿಲ ಮೇಲೆ ಕುಳಿತೆವು. ಹಿಂದಿನ ದಿನ ಅವನು ಮುಖಕ್ಕೆ ಮುಸುಕು ಹಾಕದೆ ಬೆಸುಗೆ ನೋಡಿ ಕಣ್ಣು ಕೆಂಪು ಮಾಡಿಕೊಂಡಿದ್ದ. ಕಣ್ಣಲ್ಲಿ ಧಾರಾಕಾರ ನೀರು. ತಲೆಗೆ ಟವೆಲ್ ಹಾಕಿಕೊಂಡು ಮೂಗು ಸೀದುತ್ತಿದ್ದ.

ಎದುರಿಗೆ ಟೀ ಅಂಗಡಿ. ಟೀ ಅಂಗಡಿಯವನು ಕರುಣಾಳು. ಅರ್ಧ ಇಳಿದ ಶಟರು ಕಂಡ, ಅಳುತ್ತಿರುವ ಭಾವಮೈದ ಕಂಡ. ಬಗ್ಗಿ ಒಳಗೆ ನೋಡಿದ. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಕೂರಿಸಿ, ಸುತ್ತ ಬಿದಿರಿನ ಚೌಕಟ್ಟು ಕಟ್ಟಿ, ಹಾಗೇ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಒಳಗೆ ಅವನಿಗೆ ಕಂಡದ್ದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಿದಿರಿನ ಬದಲು ಪೈಪು, ಅಷ್ಟೇ ವ್ಯತ್ಯಾಸ.

ಅವನು ಸ್ಟವ್ ಆರಿಸಿದ. ಹೂವಿನಂಗಡಿಗೆ ಹೋಗಿ ಬಂದ. ಭಾವಮೈದನ ಹೆಗಲು ಹಿಡಿದು ಯಾವಾಗ ಆಯಿತು ಎಂದು ಕೇಳಿದ. ಭಾವಮೈದ ಕಣ್ಣಿನ ವಿಚಾರವೆಂದುಕೊಂಡು, ನಿನ್ನೆ ಸಂಜೆ, ನೋಡನೋಡುತ್ತಲೇ ಆಗಿಹೋಯಿತು ಅಂದ. ಟೀ ಅಂಗಡಿಯವನು ನಿಟ್ಟುಸಿರು ಬಿಟ್ಟು, ಶಟರಿನಡಿ ನುಗ್ಗಿ, ಗಿರಾಕಿಯ ಕೊರಳಿಗೆ ಹಾರ ಹಾಕಿ ಕೈ ಮುಗಿದು ನಿಂತ.

ತಣ್ಣನೆಯ ಹೂವು ತಾಗಿ ಗಿರಾಕಿಗೆ ಎಚ್ಚರವಾಯಿತು. ಹಾರ ನೋಡಿಕೊಂಡ, ಎದುರು ಕೈ ಮುಗಿದು ನಿಂತವನನ್ನು ನೋಡಿದ. ಮುಖವೆಲ್ಲ ನಾಚಿಕೆ.

"ಈಗ್ಲೇ ಯಾಕ್ರಿ ಸನ್ಮಾನ? ನಾನಿನ್ನೂ ಗೆದ್ದೇ ಇಲ್ಲ."

ಟೀ ಅಂಗಡಿಯವನು ಅಷ್ಟರಲ್ಲಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನ ಮುಖಕ್ಕೆ ಅವನದೇ ಅಂಗಡಿಯ ನೀರು ತಂದು ಚಿಮುಕಿಸಿದೆವು.

೩. ಕಾಯಿ

ಅವ್ವನಿಗೆ ಹೇಳಬಾರದು ಎಂದು ನಾಲ್ವರೂ ಆಣೆ ಮಾಡಿದೆವು. ಆದ್ದರಿಂದ ಮಾರನೇ ದಿನವೇ ಅವ್ವನಿಗೆ ಗೊತ್ತಾಯಿತು. ಬಂದವರು ನಗಲಿಲ್ಲ. ಬದುಕಿರುವವನನ್ನು ಸತ್ತನೆಂದರೆ ಆಯಸ್ಸು ಹೆಚ್ಚುತ್ತದೆ ಎಂದು ನಾನು ಸಮಾಧಾನ ಹೇಳಿದೆ. ದೊಡ್ಡವನಿಗೆ ಯಾರೂ ಹಂಗಂದಿರಲಿಲ್ಲ ಅಂದರು. ನಾನು ಬಾಯಿ ಮುಚ್ಚಿದೆ. ನನಗೆ ಅದು ಅಭ್ಯಾಸವಿಲ್ಲ, ದವಡೆ ನೋಯಿತು.

ಅಪಶಕುನ ಕಳೆಯಲು ಅವ್ವ ತೆಂಗಿನಕಾಯಿ ತಂದಿದ್ದರು. ನಾನು ಆಗ ಕೊನೆಯ ಬೆಸುಗೆಯಲ್ಲಿದ್ದೆ, ಡ್ರೈವರಿನ ತಲೆಯ ಮೇಲಿನ ಮೂಲೆ. ಮುಗಿಸಿ ಮುಸುಕು ತೆಗೆದು ಗ್ಯಾಸು ನಿಲ್ಲಿಸಲು ಆ ಕಡೆ ತಿರುಗಿದೆ. ರಾಹುಕಾಲ ಬಂದುಬಿಡುತ್ತದೆಂದು ಅವ್ವ ಕಾಯಲಿಲ್ಲ. ಅದೇ ಮೂಲೆಗೆ ಕಾಯಿ ಅಪ್ಪಳಿಸಿದರು. ಕಾಯಿಯ ನೀರು ಕಾದ ಬೆಸುಗೆಯ ಮೇಲೆ ಚುಯ್ ಎಂದು ಹರಿಯಿತು. ಆಮೇಲೆ ನಟಿಕೆ ಮುರಿದಷ್ಟೇ ಸಣ್ಣ ಸದ್ದು, ಟಿಕ್.

ನಾನೂ ಭಾವಮೈದನೂ ಮುಖ ಮುಖ ನೋಡಿಕೊಂಡೆವು. ದೀಪ ಹಿಡಿದು ನೋಡಿದರೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.

ಅವ್ವನ ಮುಖ ಬಿಳಿಚಿಕೊಂಡಿತು. "ಯಾವ ಊರಾಗೂ ಕಬ್ಬಿಣಕ್ಕೆ ಹೊಡೆದ್ರೆ ಕಾಯಿ ಒಡೀತತೆ. ನಿನ್ನತ್ರ ಕಬ್ಬಿಣಾನೇ ಒಡೀತಲ್ಲಪ್ಪ. ಇದ್ರ ಕೆಳಗೆ ನನ್ನ ಮಗನ್ನ ಕುಂಡ್ರಿಸ್ಲಾ?"

ನೇಗಿಲ ಗುಳ ಕಾಸಿ ನೀರಿಗದ್ದುವ ಹಾಗೆ ಈ ಉಕ್ಕನ್ನು ಅದ್ದಬಾರದು, ಗಾಜಿನ ಹಾಗೆ ಪೆಡಸಾಗುತ್ತದೆ, ನಿಧಾನ ಆರಬೇಕು ಎಂದೆ. ಅವರಿಗೆ ಹತ್ತಲಿಲ್ಲ. ಕಡೆಗೆ ಭಾವಮೈದ, ಅವನಿಗೆ ಮನೆಯಲ್ಲಿ ನಾಲ್ಕು ಮಕ್ಕಳು, ಒಂದೇ ಮಾತು ಹೇಳಿದ.

"ಅವ್ವಾ, ಬೆಸುಗೆ ಆದ ಪೈಪು ಬಾಣಂತಿ ಇದ್ದಂಗೆ. ತಣ್ಣೀರು ಸೋಕಬಾರ್ದು, ಗಾಳಿ ತಾಕಬಾರ್ದು."

"ಇದನ್ನ ಮೊದ್ಲೇ ಹೇಳಾಕೆ ನಿಮಗೇನಾಗಿತ್ತು?"

ಆ ಮೂಲೆ ಕತ್ತರಿಸಿ ತೆಗೆದು, ಹೊಸ ತುಂಡು ಕೂರಿಸಿ ಮತ್ತೆ ಬೆಸೆದೆ. ಕೆಂಪು ಇಳಿದ ಮೇಲೆ ಅವ್ವ ತಾವೇ ಒಣ ಕಂಬಳಿ ಸುತ್ತಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕುಳಿತರು. ಗೇಟು ರಿಪೇರಿಗೆಂದು ಯಾರೋ ರೈತ ಬಂದು ಶಟರ್ ಎತ್ತಿದ. ಅವ್ವ ಗದರಿದರು: ಒಳಗೆ ಬಾಣಂತಿ ಅವಳೆ, ಗಾಳಿ ತಾಕುತ್ತೆ, ಬಾಗಿಲು ಹಾಕಿಕೊಂಡು ಹೋಗು. ಅವನು ಶಟರ್ ಇಳಿಸಿ, ನನ್ನನ್ನು ಆಚೆಗೆ ಕರೆದು, ನನ್ನ ನರೆತ ಮೀಸೆಯನ್ನೇ ನೋಡುತ್ತ, ಈ ವಯಸ್ನಾಗೆ ಬೇಕಿತ್ತಾ ಮಾವ ಅಂದ.

ಮಾರನೇ ದಿನ ಆ ಪುಣ್ಯಾತ್ಮ ಮಗುವಿಗೆಂದು ಕೆಂಪು ಕುಲಾವಿ ತಂದುಕೊಟ್ಟು ಹೋದ. ಅವ್ವ ಅದನ್ನು ಆ ಮೂಲೆಯ ಪೈಪಿಗೇ ಕಟ್ಟಿದರು. ಬಿಚ್ಚಕೂಡದು ಎಂದು ಮಗನಿಗೆ ಅಪ್ಪಣೆ.

೪. ಮೆರವಣಿಗೆ

ಸ್ಪರ್ಧೆ ಇದ್ದದ್ದು ಶ್ರೀರಾಂಪುರದ ಆಚೆ ಒಂದು ಒಣ ಹಳ್ಳದಲ್ಲಿ. ನಾನು, ಭಾವಮೈದ, ಟೀ ಅಂಗಡಿಯವನು ಗೂಡ್ಸ್ ಗಾಡಿಯಲ್ಲಿ ಹೋದೆವು. ಯಾವತ್ತೂ ಇಂಥಲ್ಲಿಗೆ ಬಾರದ ಅವ್ವ ಅವತ್ತು ಬಂದಿದ್ದರು. ನಾವು ನಿಂತ ದಿಬ್ಬದಿಂದ ಹಳ್ಳದ ತಳ ಕಾಣುವುದಿಲ್ಲ, ಎಂಜಿನ್ ಸದ್ದು ಮಾತ್ರ. ಸದ್ದು ಏರಿತು, ಏರಿತು, ಆಮೇಲೆ ದಡ್ ದಡ್ ಎಂದು ಹಂಡೆ ಉರುಳಿದಂತಾಗಿ ನಿಂತುಹೋಯಿತು. ಧೂಳು ಮೇಲೆದ್ದಿತು.

ಭಾವಮೈದ ಇಳಿದು ಓಡಿದ. ನಾನು ದಿಬ್ಬದ ಮೇಲೇ ಉಳಿದೆ. ಬಾಯಿಗೆ ಒಂದು ಬಡಾಯಿಯೂ ಬರಲಿಲ್ಲ. ಆ ಮೂಲೆಯ ಬೆಸುಗೆಯನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಬೆಸೆಯುತ್ತ ನಿಂತೆ. ಫೋನು ಮಾಡಿದರೆ ಸಿಗ್ನಲ್ ಇಲ್ಲ.

ಬಹಳ ಹೊತ್ತಿನ ಮೇಲೆ ಹಳ್ಳದ ತಿರುವಿನಲ್ಲಿ ಟ್ರ್ಯಾಕ್ಟರು ಕಾಣಿಸಿತು. ಹಿಂದೆ ಟ್ರೇಲರು. ಟ್ರೇಲರಿನ ಮೇಲೆ ಪಂಜರ. ಪಂಜರದೊಳಗೆ ಅವನು, ನೆಟ್ಟಗೆ ಕೂತಿದ್ದಾನೆ, ಕಣ್ಣು ಮುಚ್ಚಿದೆ, ಹಣೆಯ ತುಂಬ ಬಿಳಿ ಧೂಳು. ಟ್ರೇಲರಿನ ಹಿಂದೆ ಜನ, ಯಾರೂ ಮಾತಾಡುತ್ತಿಲ್ಲ.

ನಮ್ಮ ಪಕ್ಕ ಟೀ ಅಂಗಡಿಯವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ, ಆ ಕೈಗಳಿಂದಲೇ ಇದೆಲ್ಲ ಆದಂತೆ.

ಅವ್ವ ಅಳಲಿಲ್ಲ. ಸೀದಾ ಹೋಗಿ, ಟ್ರೇಲರಿನ ಗಾಲಿ ಮೆಟ್ಟಿ ಹತ್ತಿದರು. ಮಗನ ಮುಖ ನೋಡುವ ಧೈರ್ಯವಾಗಲಿಲ್ಲವೋ ಏನೋ, ಸೊಂಟದ ಬೀಗದಕೈ ತೆಗೆದು, ಮಣ್ಣು ಮೆತ್ತಿದ ಕುಲಾವಿಯ ಪಕ್ಕ ಬಡಿದರು. ಟಣ್.

"ಅವ್ವಾ, ಬಡೀಬ್ಯಾಡ," ಅಂದ ಮಗ ಕಣ್ಣು ತೆರೆಯದೆ. "ಮೊದ್ಲೇ ತಲೆ ಸಿಡೀತೈತೆ."

ಅವ್ವ ಟ್ರೇಲರಿನಲ್ಲೇ ಕುಸಿದು ಕುಳಿತರು. ಆಗ ಅತ್ತರು, ಅವನಿಗೂ ನನಗೂ ಒಟ್ಟಿಗೇ ಬೈಯುತ್ತ. ಆದದ್ದಿಷ್ಟು: ಪೆಡಲಿಗೆ ಸಿಕ್ಕಿ ಕಾಲು ಮುರಿದಿತ್ತು. ಕತ್ತು ಅಲುಗಿಸಬೇಡಿ ಎಂದು ತಿಳಿದವರು ಯಾರೋ ಹೇಳಿದ್ದರಿಂದ, ಕೂತವನನ್ನು ಇಳಿಸದೆ, ಗಾಡಿ ಸಮೇತ, ಸ್ಪರ್ಧೆಯ ದಾರಿ ಕಡಿಯಲು ತಂದಿದ್ದ ಅವನದೇ ಜೆಸಿಬಿಯಿಂದ ಎತ್ತಿ ಟ್ರೇಲರಿಗೆ ಇಟ್ಟಿದ್ದರು. ಮಾಡಿನ ಪೈಪು ಒಂದು ಕಡೆ ಬಾಗಿತ್ತು. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ನನ್ನ ಬಡಾಯಿ ಆಂಬುಲೆನ್ಸು ತಲುಪುವ ಮೊದಲೇ ಮತ್ತೆ ಶುರುವಾಯಿತೆಂದು ಭಾವಮೈದ ಹೇಳುತ್ತಾನೆ.

ಕಾಲು ಕೂಡಿತು, ಹುಚ್ಚು ಬಿಡಲಿಲ್ಲ. ಮೊನ್ನೆ ಊರುಗೋಲಿನ ಮಗನ ಜೊತೆ ಅವ್ವ ಮತ್ತೆ ಬಂದರು. ಬಾಗಿದ ಪೈಪು ಬದಲಿಸು, ಅವನ ಪಕ್ಕಕ್ಕೆ ಇನ್ನೊಂದು ಸೀಟು ಹಾಕು ಅಂದರು. ಯಾರಿಗೆ ಎಂದು ಕೇಳಿದೆ.

"ನನಗೆ. ದಿಬ್ಬದ ಮ್ಯಾಲೆ ನಿಂತ್ಕಂಡು ಕಾಯಾಕೆ ನನ್ನ ಕೈಲಿ ಆಗಲ್ಲ. ಪಕ್ಕದಾಗೆ ಅವ್ವನ್ನ ಕುಂಡ್ರಿಸ್ಕಂಡು ಅದೆಂಗೆ ಹಳ್ಳ ಹಾರ್ತಾನೋ ನೋಡ್ತೀನಿ."

ಮಗನ ಮುಖ ನೋಡಬೇಕಿತ್ತು. ಮಠಕ್ಕೂ ಮದುವೆಗೂ ಜಗ್ಗದವನು ಅವತ್ತು ಮೊದಲ ಸಲ ಯೋಚನೆಗೆ ಬಿದ್ದ.

ಅಳತೆಗೆ ಅವ್ವನನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದೆ. ಹಣೆ ತುಂಬ ವಿಭೂತಿ. ಗಾಳಿಗೆ ಶಟರ್ ಅರ್ಧ ಇಳಿಸಿದ್ದೆ. ಬೆಲ್ಟು ಬಿಗಿಯಾದದ್ದೇ ಅವ್ವ ಹೆದರಿ ಕಣ್ಣು ಮುಚ್ಚಿಕೊಂಡರು. ನಾನು ಬಗ್ಗಿ ಹೊರಗೆ ನೋಡಿದೆ. ರಸ್ತೆಯಾಚೆ ಟೀ ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದ.

"ಅವ್ವಾ," ಅಂದೆ, "ಕಣ್ಣು ಬಿಟ್ಕಂಡು ಕುಂತ್ಕಳ್ರಿ. ಎದುರಂಗಡಿಯವ್ನು ಸ್ಟವ್ ಆರಿಸ್ತಾ ಅವ್ನೆ."