ಕಾಣದ ಬೆಕ್ಕಿಗೆ ಹಾಲು

ಇದೆಯೋ, ಇಲ್ಲವೋ? ಇದೆ ಎಂದರೆ ಎಲ್ಲಿದೆ? ಇಲ್ಲ ಎಂದರೆ, ಗ್ಯಾಲಕ್ಸಿಗಳ ಅಂಚಿನ ನಕ್ಷತ್ರಗಳು ಅಷ್ಟು ಜೋರಾಗಿ ಸುತ್ತಿಯೂ ಚದುರಿಹೋಗದೆ ಇರುವುದು ಯಾರ ಹಿಡಿತದಲ್ಲಿ? ಕಣ್ಣಿಗೆ ಕಾಣುವ ದ್ರವ್ಯದ ಸೆಳೆತ ಅದಕ್ಕೆ ಸಾಲದು. ಒಂದೋ ಕಾಣದ ಕಪ್ಪು ದ್ರವ್ಯ ಅಲ್ಲಿ ತುಂಬಿಕೊಂಡಿರಬೇಕು, ಇಲ್ಲವೇ ಗುರುತ್ವದ ನಿಯಮವನ್ನೇ ತಿದ್ದಬೇಕು. ಕಪ್ಪು ದ್ರವ್ಯ ಇಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲದೆ ಇದ್ದದ್ದು ಹೋದ ತಿಂಗಳ ಒಂದೇ ಒಂದು ಸಂಜೆ. ಗ್ರಹಚಾರಕ್ಕೆ, ವರದಿ ಬರೆದದ್ದೂ ಆ ಸಂಜೆಯೇ.

ಭೌತಶಾಸ್ತ್ರ ವಿಭಾಗದಲ್ಲಿ ಎಲ್ಲರೂ ಅವನನ್ನು ಹಂಗಾಮಿ ಎನ್ನುತ್ತಿದ್ದರು. ಆರು ವರ್ಷ ಹಂಗಾಮಿ ಉಪನ್ಯಾಸಕನಾಗಿದ್ದು ಹುದ್ದೆಯೇ ಹೆಸರಾಗಿ ಅಂಟಿಕೊಂಡಿತ್ತು. ಪತ್ರಿಕೆಯೊಂದು ಲೇಖನ ಕಳಿಸಿ ರೆಫರಿಯಾಗುವಿರಾ ಎಂದು ಕೇಳಿದಾಗ ಉಬ್ಬಿಹೋಗಿದ್ದ. ರೆಫರಿ ಎಂದರೆ ಅಚ್ಚಾಗುವ ಮೊದಲೇ ಲೇಖನದ ಹುಳುಕು ಹುಡುಕಿ ವರದಿ ಬರೆಯುವವನು. ಬರೆದವರ ಹೆಸರು ಅವನಿಗೆ ತಿಳಿಯದು, ಅವನ ಹೆಸರು ಬರೆದವರಿಗೆ ತಿಳಿಯದು. ಜನ್ಮದಲ್ಲಿ ಯಾರಿಗೂ ಎದುರು ಮಾತಾಡದ ಹಂಗಾಮಿ, ಆ ಮರೆಯಲ್ಲಿ ಕೂತು ಹುಲಿಯಾಗಿದ್ದ.

ಇವತ್ತು ಬೆಳಗ್ಗೆ ವಿಭಾಗದ ಮುಖ್ಯಸ್ಥರು ಕಾಗದ ಬೀಸುತ್ತ ಸಿಬ್ಬಂದಿ ಕೋಣೆಗೆ ನುಗ್ಗಿದರು.

"ಕೇಳಿ ಇಲ್ಲಿ, ನನ್ನ ಲೇಖನಕ್ಕೆ ರೆಫರಿ ಬರೆದದ್ದು! 'ಲೇಖಕರು ಅಡುಗೆಮನೆಯಲ್ಲಿ ಬೆಣ್ಣೆ ಕಳೆದಿದ್ದಕ್ಕೆ ಬೆಕ್ಕಿನ ಮೇಲೆ ದೂರು ಹಾಕಿದ್ದಾರೆ. ಬೆಕ್ಕಿನ ತೂಕ, ಬಣ್ಣ, ಮೀಸೆಯ ಉದ್ದ ಎಲ್ಲ ಹೇಳಿದ್ದಾರೆ. ಬೆಕ್ಕನ್ನು ಮಾತ್ರ ಯಾರೂ ನೋಡಿಲ್ಲ.' ನನ್ನ ಇಪ್ಪತ್ತು ವರ್ಷದ ಕೆಲಸ ಕಣ್ರೀ! ಯಾರಿಗೂ ಹೇಳದೆ ಬರೆದು ಕಳಿಸಿದ್ದೆ."

ಆ ಬೆಕ್ಕನ್ನು ಬರೆದವನು ಹಂಗಾಮಿಯೇ; ಚಹಾದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ.

"ಎದುರು ರೂಮಿನವರದೇ ಕೈವಾಡ ಸಾರ್," ಎಂದರು ಲ್ಯಾಬ್ ಮೇಡಂ, ಕಿಡಿಗೆ ಗಾಳಿ ಊದುವ ಹುಮ್ಮಸ್ಸಿನಲ್ಲಿ. ಎದುರು ರೂಮಿನ ಪ್ರೊಫೆಸರು ಗುರುತ್ವದ ನಿಯಮ ತಿದ್ದುವ ಪಂಗಡದವರು. ಬಾಗಿಲಲ್ಲೇ ನಿಂತಿದ್ದ ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹೊಸ ಮದುಮಗನ ಹಾಗೆ ನಕ್ಕು ಹೋದರು.

ಮುಖ್ಯಸ್ಥರು ಕಾಗದವನ್ನು ಹಂಗಾಮಿಯ ಕೈಗಿಟ್ಟರು. "ರೀ ಹಂಗಾಮಿ, ನಿಮ್ಮ ಬರವಣಿಗೆ ಚೆನ್ನಾಗಿದೆ. ಸಂಜೆಯೊಳಗೆ ಈ ಮಹಾನುಭಾವನಿಗೆ ಉತ್ತರ ಬರೀರಿ. ಮುಟ್ಟಿ ನೋಡ್ಕೊಳ್ಳೋ ಹಾಗಿರಬೇಕು. ನಿಮ್ಮ ಕಾಯಂ ಪತ್ರ ನನ್ನ ಮೇಜಿನ ಮೇಲಿದೆ. ಉತ್ತರ ತನ್ನಿ, ಸಹಿ ಹಾಕ್ತೀನಿ."

ಮಧ್ಯಾಹ್ನ ಹೆಂಡತಿಯ ಫೋನು ಬಂತು. "ರೀ, ಪತ್ರದ ವಿಷಯ ಏನಾಯ್ತು?"

"ಸಂಜೆ ಸಹಿ ಆಗತ್ತೆ. ಒಬ್ಬನನ್ನ ಬೈಯಬೇಕು, ಅಷ್ಟೇ."

"ಅಯ್ಯೋ, ನಿಮಗೆ ಬೈಯೋಕೆ ಎಲ್ಲಿ ಬರತ್ತೆ?"

"ಇವನು ತಿರುಗಿ ಬೈಯೋನಲ್ಲ ಬಿಡು."

ಬೈಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಲನೆಯ ಆಕ್ಷೇಪಣೆಯನ್ನು ಕತ್ತರಿಸಿದ. ಎರಡನೆಯದಕ್ಕೆ ಡಿಕ್ಕಿ ಹೊಡೆದ ಗ್ಯಾಲಕ್ಸಿ ಗುಂಪುಗಳನ್ನು ಎಳೆದುತಂದ: ಅನಿಲವೆಲ್ಲ ನಡುವೆ ಸಿಕ್ಕಿಕೊಂಡಿದೆ, ಸೆಳೆತ ಮಾತ್ರ ಅದನ್ನು ದಾಟಿ ಆಚೀಚೆ ಹೋಗಿದೆ, ಅಂದಮೇಲೆ ಅಲ್ಲಿ ಕಾಣದ್ದೇನೋ ಇರಲೇಬೇಕು. ಬರೆಯುತ್ತ ಬರೆಯುತ್ತ ಅವನಿಗೇ ನಂಬಿಕೆ ಬಂತು. ಛೇ, ಎಂಥ ದಡ್ಡ ಈ ರೆಫರಿ, ಎಂದು ಮನಸಾರೆ ಬೈದುಕೊಂಡ.

ಮೂರನೆಯದರ ಹತ್ತಿರ ಪೆನ್ನು ನಿಂತಿತು. 'ಕಾಣುವ ದ್ರವ್ಯ ಎಷ್ಟಿದೆಯೋ ನೋಡಿಕೊಂಡು, ಪ್ರತಿ ಗ್ಯಾಲಕ್ಸಿಯಲ್ಲೂ ಅದಕ್ಕೆ ತಕ್ಕಂತೆ ಯಾರೋ ಅಳೆದಿಟ್ಟ ಹಾಗೆ ಕಪ್ಪು ದ್ರವ್ಯ ಇರುವುದು ಹೇಗೆ?' ತಾನು ಇಷ್ಟು ಬುದ್ಧಿವಂತನೆಂದು ಹಂಗಾಮಿಗೆ ಗೊತ್ತಿರಲಿಲ್ಲ. ಎರಡು ತಾಸು ತಲೆ ಕೆರೆದುಕೊಂಡ. ಕೊನೆಗೆ, 'ರೆಫರಿಗೆ ಕೂಡುವ ಕಳೆಯುವ ಲೆಕ್ಕವೇ ಬಾರದು, ಅವರು ಮತ್ತೆ ಶಾಲೆಗೆ ಸೇರುವುದು ಮೇಲು' ಎಂದು ಬರೆದು ಮುಗಿಸಿದ.

ಐದು ಗಂಟೆಗೆ ಮುಖ್ಯಸ್ಥರು ಉತ್ತರವನ್ನು ನಿಧಾನವಾಗಿ ಓದಿದರು. ಕನ್ನಡಕ ತೆಗೆದರು.

"ಮೂರನೇದಕ್ಕೆ ಬೈದಿದ್ದೀರಿ. ಉತ್ತರ ಎಲ್ಲಿ?"

"ಅದರಲ್ಲೇ ಇದೆ ಸಾರ್..."

"ಇಲ್ಲ. ಮಧ್ಯಾಹ್ನ ಕೋಪ ಇಳಿದ ಮೇಲೆ ಆ ಪ್ರಶ್ನೆ ನೆನಪು ಮಾಡ್ಕೊಂಡು ನಾನೂ ಕೂತು ನೋಡಿದೆ. ನನಗೂ ಸಿಗಲಿಲ್ಲ. ಇಪ್ಪತ್ತು ವರ್ಷ ಕಾಣದ ಬೆಕ್ಕಿಗೆ ಹಾಲಿಟ್ಟೆ ಕಣ್ರೀ, ಒಬ್ಬನಾದ್ರೂ ಕೇಳಲಿಲ್ಲ. ಈ ರೆಫರಿ ಕೇಳಿದ. ಲೇಖನ ವಾಪಸ್ ತಗೊಂಡೆ."

ಅವರು ಕಾಯಂ ಪತ್ರವನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಬೇಜಾರು ಮಾಡ್ಕೋಬೇಡಿ. ಈ ಹುದ್ದೆಗೆ ಅಂಥ ಬೆನ್ನುಮೂಳೆ ಇರೋನು ಬೇಕು. ಅವನು ಸಿಗೋವರೆಗೆ ಕುರ್ಚಿ ಖಾಲಿ ಇರಲಿ."

ಹಂಗಾಮಿ ಮೇಜಿನ ಹತ್ತಿರ ಬಂದ. ಬಾಯಿ ತೆರೆದ. "ಸಾರ್, ಆ ರೆಫರಿ..."

"ನೀವೂ ಶುರು ಮಾಡ್ಬೇಡಿ ಮತ್ತೆ!" ಮುಖ್ಯಸ್ಥರು ಕೈ ಎತ್ತಿದರು. "ಆ ರೆಫರಿ ಸಿಕ್ಕಿದ್ರೆ ಕೈ ಮುಗೀತೀನಿ ಅಂತ ನಾಲ್ಕು ಗಂಟೆಗೆ ಬಾಯಿ ತಪ್ಪಿ ಅಂದೆ. ಎದುರು ರೂಮಿನವನು ಓಡಿಬಂದು ನಾನೇ ಅಂದ. ಅವನ ಹಿಂದೇನೇ ಮೇಡಂ, ನಾನೇ ಸಾರ್ ಅಂದ್ರು. ಮೂರನೇ ಪ್ರಶ್ನೆ ಏನು ಅಂದ್ರೆ ಇಬ್ಬರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿದ್ರೂ ಅದು ಸಾಕ್ಷಿಯಾಗಲ್ಲ, ದಿನವೆಲ್ಲ ಕಾಗದ ನಿಮ್ಮ ಹತ್ರಾನೇ ಇತ್ತಲ್ಲ. ಇನ್ನೊಬ್ಬರು ಬಂದು ನಾನೇ ಅಂದ್ರೆ ಈ ವಿಭಾಗದಿಂದಲೇ ಕಳಿಸ್ತೀನಿ. ಹ್ಞಾಂ, ಏನೋ ಹೇಳ್ತಿದ್ರಿ?"

"ಏನಿಲ್ಲ ಸಾರ್."

"ಹಾಗಾದ್ರೆ ಒಂದು ಉಪಕಾರ ಮಾಡಿ. ಅವನ ಬರವಣಿಗೆಯ ಧಾಟಿ ನಿಮಗೀಗ ಪರಿಚಯ ಆಗಿದೆ. ಎಲ್ಲಿದ್ದಾನೆ, ಹುಡುಕಿಕೊಡಿ."

ಹಂಗಾಮಿ ಹುಡುಕುತ್ತೇನೆ ಎಂದ. ಆ ವರದಿ ಬರೆದವನು ತಾನೇ ಎಂದು ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.