ಏನೂ ಇಲ್ಲ ಅನ್ನುವ ಹೊಟ್ಟೆಗಳು

ನಮ್ಮ ಸೋದರತ್ತೆ ಯಾರನ್ನು ಬೇಕಾದರೂ ನಂಬಿಯಾಳು, ಆರೋಗ್ಯವಾಗಿರುವ ಮಕ್ಕಳನ್ನು ಮಾತ್ರ ನಂಬುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಅಳುವ ಮಗು ಅವಳ ಪ್ರಕಾರ ಪ್ರಾಮಾಣಿಕ. ಕುಣಿದಾಡುವ ಮಗುವನ್ನು ಕಂಡರೆ ಅವಳ ಹುಬ್ಬು ಮೇಲೇರುತ್ತದೆ. ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಮೂವತ್ತು ವರ್ಷ ಮಲಪರೀಕ್ಷೆ ಮಾಡಿದವಳಿಗೆ ಬೇರೆ ದೃಷ್ಟಿ ಎಲ್ಲಿಂದ ಬರಬೇಕು?

ಒಮ್ಮೆ ಉಣಕಲ್ಲಿನಲ್ಲಿ ಒಂದು ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಎಲ್ಲರೂ ಕೂಸಿನ ಕೆನ್ನೆ ಹಿಂಡಿದರೆ ಇವಳು ಅದರ ಉಗುರು ನೋಡಿದಳು.

"ಹೊಟ್ಟಿನೋವು ಅಂತದೇನ್ರಿ?"

"ಏನೂ ಇಲ್ರಿ. ಭಾಳ ಛಲೋ ಊಟ ಮಾಡ್ತದ," ಎಂದಳು ಕೂಸಿನ ತಾಯಿ.

"ಹೊಟ್ಟ್ಯಾಗಿನ ಯಾವ ಹುಳದ ಸಲುವಾಗಿ ಊಟ ಮಾಡ್ತದೋ, ಯಾರಿಗ್ಗೊತ್ತು?"

ಆ ಮನೆಯಿಂದ ನಮಗೆ ಮತ್ತೆ ಕರೆ ಬರಲಿಲ್ಲ.

ಕಳೆದ ವರ್ಷ ಸಪ್ತಾಪುರದಲ್ಲಿರುವ ನನ್ನ ತಂಗಿಯ ಮಗಳು, ಆರು ವರ್ಷದ ಗೌರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯಿಂದ ಅವಳ ಮೈಯ ರೋಗನಿರೋಧಕ ಶಕ್ತಿ ಕುಗ್ಗಿತ್ತು. ನನ್ನ ಎಂಟು ವರ್ಷದ ಮಗಳು ಅವಳನ್ನು ನೋಡಲೇಬೇಕೆಂದು ಹಟ ಹಿಡಿದಳು. ಮರುದಿನವೇ ಅತ್ತೆ ಗೋಪನಕೊಪ್ಪದ ನಮ್ಮ ಮನೆಗೆ ಮೂರು ಸಣ್ಣ ಡಬ್ಬಿ ಹಿಡಿದು ಬಂದಳು. ಮೂರು ದಿನ, ಮೂರು ಸ್ಯಾಂಪಲ್!

"ಅತ್ತಿ, ಈಕಿಗೇನಾಗೇದ? ಕಲ್ಲು ತಿಂದ್ರೂ ಕರಗಿಸ್ತಾಳ," ಎಂದೆ.

"ಅದಕ್ಕ ನನಗ ಸಂಶಯ."

ಮಗಳು ಬಚ್ಚಲಿನ ಒಳಗಿಂದ ಕೂಗಿದಳು: "ಅಜ್ಜಿ, ನಿನಗ ಬ್ಯಾರೆ ಕೆಲಸ ಇಲ್ಲೇನು?"

"ಇಲ್ಲವಾ. ನಿನ್ನ ಕೆಲಸ ಲಗೂ ಮುಗಸು."

ಎರಡು ದಿನ ಏನೂ ಸಿಗಲಿಲ್ಲ. ನಾನು ನಕ್ಕೆ. ಮೂರನೆಯ ದಿನದ ವರದಿ ನೋಡಿ ನಗು ನಿಂತಿತು. ಮಗಳ ಕರುಳಿನಲ್ಲಿ ಕಣ್ಣಿಗೆ ಕಾಣದ ಪರಾವಲಂಬಿ ಜೀವಿಗಳಿದ್ದವು. ನೋವಿಲ್ಲ, ಭೇದಿಯಿಲ್ಲ, ಬಾಡಿಗೆಯೂ ಇಲ್ಲದೆ ಸುಖವಾಗಿದ್ದವು. ಗೌರಿಯನ್ನು ಪರೀಕ್ಷಿಸಿದರೆ ಅವಳಲ್ಲೂ ಅವೇ, ಅಷ್ಟೇ ಸದ್ದಿಲ್ಲದೆ. ನನ್ನ ಮಗಳ ಮೈ ತಡೆದುಕೊಂಡೀತು, ಗೌರಿಯದು ತಡೆಯಲಿಕ್ಕಿಲ್ಲ ಎಂದ ಡಾಕ್ಟರು ಇಬ್ಬರಿಗೂ ಔಷಧಿ ಕೊಟ್ಟರು. ರಜೆಯಲ್ಲಿ ಒಂದೇ ತಾಟಿನಲ್ಲಿ ಉಂಡ ಹುಡುಗಿಯರು. ಯಾರಿಂದ ಯಾರಿಗೆ ಬಂತೆಂದು ಅತ್ತೆ ಕೂಡ ಕೇಳಲಿಲ್ಲ.

ಔಷಧಿ ಮುಗಿದು, ಮರುಪರೀಕ್ಷೆಯಲ್ಲಿ ಇಬ್ಬರ ಹೊಟ್ಟೆಯೂ ಶುದ್ಧ ಎಂದಾದ ಮೇಲೆ ಸಪ್ತಾಪುರಕ್ಕೆ ಹೋದೆವು. ಅತ್ತೆ ಕೈ ತೊಳೆದು ಗೌರಿಯ ಹಾಸಿಗೆಯ ಮೇಲೆ ಕೂತಳು.

"ಹೆಂಗಿದ್ದೀಯವಾ?"

"ಆರಾಮ ಅದೀನಿ. ಏನೂ ಇಲ್ಲ."

ಡಾಕ್ಟರಿಗೂ ತಾಯಿಗೂ ಅವಳು ಹೇಳುತ್ತಿದ್ದುದು ಇಷ್ಟೇ. ಎಂಥ ಗಟ್ಟಿ ಹುಡುಗಿ ಎಂದು ನಾವೆಲ್ಲ ಹೊಗಳುತ್ತಿದ್ದೆವು. ಅತ್ತೆ ಅವಳನ್ನೇ ನೋಡಿದಳು. ಆಮೇಲೆ ನನ್ನ ತಂಗಿಗೆ ಚಹಾ ಮಾಡಲು ಹೇಳಿ ಒಳಗೆ ಕಳಿಸಿದಳು.

"ನಿಮ್ಮವ್ವ ಒಳಗ ಹೋದ್ಳು. ಈಗ ಹೇಳು."

ಗೌರಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು.

"ಬಾಯಿ ತುಂಬ ಹುಣ್ಣಾಗ್ಯಾವ, ಅಜ್ಜಿ. ನುಂಗಾಕ ಬರೂದಿಲ್ಲ. ಹೇಳಿದ್ರ ಅವ್ವ ಅಳ್ತಾಳ."

"ಅಳ್ಲಿ ಬಿಡು. ಆಕಿ ಜೋಡಿ ನಾನೂ ಅಳ್ತೀನಿ. ನೀ ಮಾತ್ರ ಮುಚ್ಚಿಡಬ್ಯಾಡ."

ಅಷ್ಟು ದಿನ ತಡೆದಿದ್ದ ಮಗು ಜೋರಾಗಿ ಅತ್ತಿತು. ತಂಗಿ ಗಾಬರಿಯಿಂದ ಓಡಿ ಬಂದಳು. ಅತ್ತೆ ಕಣ್ಣೊರೆಸಿಕೊಂಡು, ಸ್ವಲ್ಪ ಸರಿದು, ಅವಳಿಗೆ ಮಗಳ ಪಕ್ಕ ಜಾಗ ಮಾಡಿಕೊಟ್ಟಳು.